ಬೇಡ ಅಂದರೆ ಸಾಲದು, ಯಾಕೆ ಅಂತ ಹೇಳಿ

ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ನ್ಯಾಷನಲ್ ಪಾರ್ಕ್‌ಗೆ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದಾಗ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಬೇಲಿ ಇಲ್ಲ, ಕಾವಲಿನವರೂ ಕಾಣಲ್ಲ. ಆದ್ರೂ ಜನ ದಾರಿ ಬಿಟ್ಟು ಇಳಿಯಲ್ವಲ್ಲ, ಯಾಕೆ?" ದಂಡದ ಭಯ ಅಂದುಬಿಡುವುದು ಸುಲಭ. ನನಗೆ ಅದಷ್ಟೇ ಅನ್ನಿಸುವುದಿಲ್ಲ. ಇಲ್ಲಿ ಬೇಡ ಅನ್ನುವುದರ ಜೊತೆಗೆ ಯಾಕೆ ಬೇಡ ಅಂತಲೂ ಹೇಳುತ್ತಾರೆ.

ದಾರಿ ಪಕ್ಕದ ಮಣ್ಣನ್ನೇ ನೋಡಿ. ಕಪ್ಪಗೆ, ಗಂಟುಗಂಟಾಗಿ, ಉಬ್ಬಿಕೊಂಡಿರುತ್ತದೆ. ಅದು ಜೀವ ಇರುವ ಮಣ್ಣು. ಸಯಾನೋಬ್ಯಾಕ್ಟೀರಿಯಾ ಅನ್ನುವ ಸೂಕ್ಷ್ಮಜೀವಿಗಳು, ಪಾಚಿ, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದವು, ಎಲ್ಲ ಸೇರಿ ಮರಳನ್ನು ಬಿಗಿಯಾಗಿ ಹಿಡಿದಿರುತ್ತವೆ. ಗಾಳಿಗೆ ಹಾರದಂತೆ, ಮಳೆಗೆ ಕೊಚ್ಚಿಹೋಗದಂತೆ ಕಾಯುವುದು ಈ ಪದರವೇ. ಒಂದು ಸಲ ಬೂಟು ಊರಿದರೆ ಹಪ್ಪಳದ ಹಾಗೆ ಪುಡಿ. ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ, ಕೆಲವು ಕಡೆ ದಶಕಗಳೇ ಬೇಕು. ಒಂದು ಸೆಲ್ಫಿಗೆ ಜಾಸ್ತಿ ಆಯ್ತು, ಅಲ್ವಾ?

ಇಲ್ಲಿ ಕಲ್ಲಿನ ಕಮಾನುಗಳೇ 2000ಕ್ಕೂ ಹೆಚ್ಚಿವೆ. ಗಟ್ಟಿ ಕಂಡರೂ ಮರಳುಗಲ್ಲು. 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ ಸುಮಾರು 60 ಅಡಿ ಉದ್ದದ ಚಪ್ಪಡಿ ಕಳಚಿಬಿತ್ತು. ಅದರ ಕೆಳಗೆ ಹಾದುಹೋಗುತ್ತಿದ್ದ ದಾರಿಯನ್ನೇ ಮುಚ್ಚಿದರು. 2008ರಲ್ಲಿ ವಾಲ್ ಆರ್ಚ್ ಯಾರೂ ಮುಟ್ಟದೆಯೇ ರಾತ್ರೋರಾತ್ರಿ ಕುಸಿಯಿತು. ಮಳೆಯಲ್ಲಿ ನೆಂದ ಮರಳುಗಲ್ಲು ಇನ್ನೂ ಮೆತ್ತಗೆ. ಬಂಡೆ ಹತ್ತುವವರು ಅದು ಒಣಗುವ ತನಕ ಕಾಯಬೇಕು.

ನಮ್ಮವರು ಸೋಲುವುದು ಮಾತ್ರ ಬಿಸಿಲಿಗೆ. ಡೆಲಿಕೇಟ್ ಆರ್ಚ್‌ಗೆ ಹೋಗಿಬರಲು ಸುಮಾರು 5 ಕಿಲೋಮೀಟರ್, ಅಷ್ಟೇ. ಆದರೆ ಬೋಳು ಬಂಡೆ, ನೆರಳಿಲ್ಲ, ನೀರಿಲ್ಲ. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ. ಚಿತ್ರಾನ್ನದ ಡಬ್ಬಿ ಮರೆಯುವುದಿಲ್ಲ, ನೀರು ಮಾತ್ರ ಮೂರು ಜನಕ್ಕೆ ಒಂದು ಬಾಟಲಿ! ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಹತ್ತಿರಹತ್ತಿರ 4 ಲೀಟರ್ ಇಟ್ಟುಕೊಳ್ಳಿ ಅನ್ನುತ್ತಾರೆ ಪಾರ್ಕಿನವರು. ಬೆಳಗ್ಗೆ ಬೇಗ ಹೊರಡಿ. ಗುಡುಗು ಕೇಳಿಸಿದರೆ ಫೋಟೊ ಆಸೆ ಬಿಟ್ಟು ಇಳಿದುಬಿಡಿ. ಡ್ರೋನ್ ತರಲೇಬೇಡಿ, ಹಾರಿಸುವ ಹಾಗಿಲ್ಲ.

ಈಗ ನಮ್ಮ ಕಡೆ. 2019ರಲ್ಲಿ ಹಂಪಿಯಲ್ಲಿ ಕಂಬ ಬೀಳಿಸಿದ ಹುಡುಗರ ವಿಡಿಯೊ ಎಲ್ಲರೂ ನೋಡಿದ್ದೇವೆ. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಲ್ಲೇ ಕಂಬ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಇರುವುದು "ಮುಟ್ಟಬಾರದು" ಅನ್ನುವ ಬೋರ್ಡು ಮತ್ತು ಒಂದು ಸೀಟಿ. ಸೀಟಿಯವರು ಆ ಕಡೆ ತಿರುಗಿದರೆ ಮುಗೀತು.

ಹಾಗಂತ ಇಲ್ಲಿನವರು ಸಾಧುಗಳೇನಲ್ಲ. ಇಲ್ಲೂ ಬಂಡೆ ಮೇಲೆ ಹೆಸರು ಕೆತ್ತುವವರಿದ್ದಾರೆ. ನಾವು ಕೂಡ ಏನೂ ಗೊತ್ತಿಲ್ಲದವರಲ್ಲ. ಕೊಡಗಿನ ದೇವರಕಾಡಿನಲ್ಲಿ ಕಡ್ಡಿ ಮುರಿಯಲೂ ಹಿಂದೆಮುಂದೆ ನೋಡುತ್ತಾರೆ. ಶ್ರವಣಬೆಳಗೊಳದ ಬೆಟ್ಟವನ್ನು ಸುಡುವ ಬಿಸಿಲಲ್ಲೂ ಚಪ್ಪಲಿ ಬಿಟ್ಟು ಹತ್ತುತ್ತೇವೆ. ದೇವರಿದ್ದ ಕಡೆ ನಮಗೆ ಕಾರಣ ಬೇಕಾಗಿಲ್ಲ. ಬರೀ ಬಂಡೆಗೆ ಆ ಮರ್ಯಾದೆ ತಾನಾಗಿ ಬರುವುದಿಲ್ಲ, ಅಲ್ಲಿ ಬಿಡಿಸಿ ಹೇಳಬೇಕು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಂಥ ಕಡೆ ಸುಮ್ನೆ "ಗಲಾಟೆ ಮಾಡಬೇಡಿ" ಅನ್ನುವ ಬದಲು, "ಈ ಹದ್ದು ಬಂಡೆಯ ಅಂಚಿನಲ್ಲಿ ಗೂಡು ಕಟ್ಟುತ್ತದೆ, ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ" ಅಂತ ಬರೆದು ನೋಡಲಿ. ಸ್ಪೀಕರ್ ಹೊತ್ತು ಬಂದ ಹುಡುಗರಲ್ಲಿ ಅರ್ಧ ಜನವಾದರೂ ಅದನ್ನು ಆಫ್ ಮಾಡುತ್ತಾರೆ.