ಹೊಸ ಬ್ರೇಕಿನ ಕೀಚಲು ದನಿ

ಬ್ರೇಕ್ ಪ್ಯಾಡು ಸವೆದಾಗ ಕಾರು ಕಿರುಚಿದರೆ ಅದರಲ್ಲಿ ನ್ಯಾಯವಿದೆ. ಅನೇಕ ಪ್ಯಾಡುಗಳ ಅಂಚಿಗೆ ತಯಾರಕರೇ ಒಂದು ಪುಟ್ಟ ಉಕ್ಕಿನ ಪಟ್ಟಿಯನ್ನು ಕೂರಿಸಿರುತ್ತಾರೆ. ಪ್ಯಾಡಿನ ದಪ್ಪ ಎರಡು-ಮೂರು ಮಿಲಿಮೀಟರಿಗೆ ಇಳಿದಾಗ ಆ ಪಟ್ಟಿ ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ತಗುಲಿ, ಇನ್ನಾದರೂ ಬದಲಾಯಿಸಯ್ಯಾ ಎಂದು ಮಾಲೀಕನ ಕಿವಿ ಹಿಂಡುತ್ತದೆ. ನಮ್ಮ ಹಳೆಯ ಕಾರು ಹಾಗೆ ಕೂಗಿಕೊಂಡಾಗ ನಾನು ವಿಧೇಯನಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಮುಂದಿನ ಚಕ್ರಗಳಿಗೆ ಹೊಸ ಪ್ಯಾಡುಗಳನ್ನು ಕೊಂಡೆ. ಡಿಸ್ಕುಗಳ ಮೇಲೂ ಗೀರು ಬಿದ್ದಿದ್ದರಿಂದ ಅವನ್ನೂ ಕೊಂಡು, ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಹಾಕಿಸಿದೆ. ಬಿಲ್ಲು ಪಾವತಿಸಿ ಹೊರಟ ಮೇಲೆ ಸಿಕ್ಕ ಮೊದಲ ಹಂಪಿನಲ್ಲಿಯೇ ಕಾರು ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಹೋಗಿ ಕಿರುಚಿತು.

ಈ ದನಿಗೆ ಒಂದು ಶಿಸ್ತು ಇತ್ತು. ಗಂಟೆಗೆ 20 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ, ಪೆಡಲನ್ನು ಮೆಲ್ಲಗೆ ಒತ್ತಿದಾಗ ಮಾತ್ರ ಅದು ಹೊರಡುತ್ತಿತ್ತು. ಬೆಂಗಳೂರಿನಲ್ಲಿ ಕಾರು ಓಡಿಸುವವರಿಗೆ ಹಾಗೆಂದರೆ ದಿನವಿಡೀ ಎಂದೇ ಅರ್ಥ. ಜೋರಾಗಿ ಒತ್ತಿದರೆ ಸದ್ದಿಲ್ಲ, ಗ್ಯಾರೇಜಿನವನ ಎದುರು ಒತ್ತಿದರಂತೂ ಸದ್ದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಲ್ಲುವ ಹೊತ್ತಿಗೆ ಮಾತ್ರ ಸುತ್ತಲಿನ ಸ್ಕೂಟರಿನವರೆಲ್ಲ ಹೆಲ್ಮೆಟ್ಟಿನೊಳಗಿಂದಲೇ ತಿರುಗಿ ನೋಡುವಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಇಂಥ ಸದ್ದು ಡಿಸ್ಕ್ ಬ್ರೇಕಿನ ಹುಟ್ಟುಗುಣ ಎಂಬುದು ಆಮೇಲೆ ಓದಿ ತಿಳಿದ ವಿಷಯ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಕಾರಿನ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅವನನ್ನು ಕಾಡಿದ್ದೂ ಲೋಹಕ್ಕೆ ಲೋಹ ಉಜ್ಜುವ ಈ ಚೀತ್ಕಾರವೇ. ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿದಾಟ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ನಡೆದಾಗ ಡಿಸ್ಕು, ಪ್ಯಾಡು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೂರೂ ಸೇರಿ ಕಂಪಿಸತೊಡಗುತ್ತವೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್‌ಗಳ ನಡುವೆ, ಬ್ರೇಕಿನ ಕಿರುಚಾಟ ಬೀಳುವುದೂ ಬಹುಮಟ್ಟಿಗೆ ಅಲ್ಲಿಯೇ. ಆದ್ದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಂಪನವಾದರೂ ಇಡೀ ಬೀದಿಗೆ ಕೇಳಿಸುತ್ತದೆ, ಕೇಳಿಸಿಕೊಂಡ ಬೀದಿ ಸುಮ್ಮನಿರುವುದಿಲ್ಲ.

ಬನಶಂಕರಿಯ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋ ಚಾಲಕರು, ಕೇಳದಿದ್ದರೂ, "ಲೈನರ್ ಹೋಗೈತೆ ಸಾರ್" ಎಂದು ತೀರ್ಪಿತ್ತರು. ಲೈನರ್ ಇರುವುದು ಡ್ರಮ್ ಬ್ರೇಕಿನಲ್ಲಿ, ನನ್ನ ಕಾರಿನಲ್ಲಿ ಅದು ಹಿಂದಿನ ಚಕ್ರಗಳಿಗೆ ಮಾತ್ರ ಎಂದು ವಿವರಿಸುವಷ್ಟರಲ್ಲಿ ಹಸಿರು ದೀಪ ಬಂದಿತ್ತು. ಮೇಲಿನ ಮನೆಯ ನಿವೃತ್ತ ಎಂಜಿನಿಯರರು ಡಿಸ್ಕು ಚಕ್ರದ ನಡುವಿನ ಹಬ್ಬಿನ (hub) ಮೇಲೆ ಸಮನಾಗಿ ಕೂತಿಲ್ಲವೆಂದೂ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಓಲಾಡಿದರೂ ಸಾಕೆಂದೂ ಹೇಳಿ, ಆ ಓಲಾಟವನ್ನು ಅಳೆಯುವ ಡಯಲ್ ಗೇಜ್ ಇಲ್ಲದ ಈ ಕಾಲದ ಮನೆಗಳ ಬಗ್ಗೆ ವಿಷಾದಿಸಿದರು. ಅತ್ತೆಯವರಿಗೆ ಅದು ದೃಷ್ಟಿ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದನ್ನು ವಾಹನ ಕೊಂಡ ದಿನಕ್ಕೆ ಮಾತ್ರ ಸೀಮಿತಗೊಳಿಸಿದ್ದೇ ದೋಷ ಎಂಬುದು ಅವರ ಅಭಿಪ್ರಾಯವಾಗಿತ್ತು. ತಿಪಟೂರಿನ ಸೋದರಮಾವನವರು ಬಾಗಿಲು, ತೊಟ್ಟಿಲು, ಮೊಣಕಾಲು ಎಂಬ ಭೇದವಿಲ್ಲದೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯನ್ನು ನಂಬಿದವರು. ಅವರು ಫೋನಿನಲ್ಲಿಯೇ, "ಎರಡು ಹನಿ ಬಿಡೋ, ನಿಂತೇ ಹೋಗುತ್ತೆ" ಎಂದರು. ಬ್ರೇಕಿಗೆ ಎಣ್ಣೆ ಬಿಟ್ಟರೆ ಸದ್ದು ನಿಲ್ಲುವುದು ನಿಜ, ನಿಲ್ಲದಿರುವುದು ಕಾರು ಮಾತ್ರ.

ಪ್ಯಾಡು ಹಾಕಿದ ಗ್ಯಾರೇಜಿನವನದು ಒಂದೇ ಮಾತು: "ಹೊಸದು ಸಾರ್, ಸೆಟ್ ಆಗ್ಬೇಕು. ಐನೂರು ಕಿಲೋಮೀಟರ್ ಓಡ್ಲಿ." ಇದು ಅರ್ಧ ಸತ್ಯ. ಹೊಸ ಪ್ಯಾಡು ಹೊಸ ಡಿಸ್ಕಿಗೆ ಹೊಂದಿಕೊಳ್ಳಬೇಕೆಂಬುದು ಹೌದು, ಆದರೆ ಅದು ಸುಮ್ಮನೆ ಓಡಿಸಿದರೆ ಚೆನ್ನಾಗಿ ಆಗುವ ಕೆಲಸವಲ್ಲ. ಸುಮಾರು 60ರ ವೇಗದಿಂದ 10ರವರೆಗೆ, ಪೂರ್ತಿ ನಿಲ್ಲಿಸದೆ, ಒಂದೇ ಹದದಲ್ಲಿ ಬ್ರೇಕ್ ಒತ್ತಿ, ಮತ್ತೆ ವೇಗ ಹಿಡಿದು, ಹೀಗೆ ಎಂಟು-ಹತ್ತು ಸಲ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಗಾಳಿಗೆ ತಣಿಸಬೇಕು. ಆಗ ಪ್ಯಾಡಿನ ವಸ್ತುವಿನ ತೆಳುವಾದ ಪದರವೊಂದು ಡಿಸ್ಕಿನ ಮೈಮೇಲೆ ಸಮನಾಗಿ ಕೂರುತ್ತದೆ. ಬೆಂಗಳೂರಿನಲ್ಲಿ 60ರ ವೇಗವೇ ಒಂದು ಪುರಾಣವಾದ್ದರಿಂದ ನಾನು ಭಾನುವಾರ ಬೆಳಕು ಹರಿಯುವ ಮೊದಲೇ ಕನಕಪುರ ರಸ್ತೆಗೆ ಹೋದೆ. ಖಾಲಿ ರಸ್ತೆಯಲ್ಲಿ ಕಾರಣವಿಲ್ಲದೆ ಓಡುವ, ಕಾರಣವಿಲ್ಲದೆ ನಿಧಾನಿಸುವ ಕಾರನ್ನು ಬಹಳ ಹೊತ್ತು ದೂರದಿಂದ ಗಮನಿಸುತ್ತ ಬಂದ ಹಾಲಿನ ವ್ಯಾನಿನವನು ಕೊನೆಗೆ ಪಕ್ಕಕ್ಕೆ ಬಂದು, ಗಾಜು ಇಳಿಸಿ, "ಅಣ್ಣಾ, ಏನಾದ್ರೂ ಬೀಳ್ಸ್ಕೊಂಡ್ರಾ?" ಎಂದು ಕೇಳಿದ. ಪ್ಯಾಡು ಕೂರಿಸುತ್ತಿದ್ದೇನೆ ಎಂದೆ. ಅವನು ಇನ್ನೇನೂ ಕೇಳದೆ ವೇಗ ಹೆಚ್ಚಿಸಿಕೊಂಡು ಮುಂದೆ ಹೋದ.

ಈ ಕಸರತ್ತಿನಿಂದ ಬಲಗಡೆಯ ಚಕ್ರ ಸುಮ್ಮನಾಯಿತು, ಎಡಗಡೆಯದು ಆಗಲಿಲ್ಲ. ಎಡಗಡೆಯದು ಎಂದು ಪತ್ತೆ ಹಚ್ಚಿದವಳು ನನ್ನ ಹೆಂಡತಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಾನು ಕಾರನ್ನು ತೆವಳಿಸುತ್ತಿದ್ದರೆ ಅವಳು ಕಿವಿಯನ್ನು ಚಕ್ರದ ಕಡೆಗೆ ಬಾಗಿಸಿಕೊಂಡು ಜೊತೆಯಲ್ಲಿ ನಡೆದಳು. ಅಲ್ಲಿಂದ ಮುಂದೆ ಒಂದೊಂದೇ ಅನುಮಾನವನ್ನು ಕಳೆಯುತ್ತ ಬಂದೆವು. ಡಿಸ್ಕಿನ ಹಿಂದಿರುವ ತಗಡಿನ ಮರೆ ಬಾಗಿಯೋ, ನಡುವೆ ಕಲ್ಲು ಸಿಕ್ಕಿಯೋ ಬಂದ ಸದ್ದಾಗಿದ್ದರೆ ಬ್ರೇಕ್ ಒತ್ತದಿದ್ದಾಗಲೂ ಕೇಳಬೇಕಿತ್ತು. ಇಬ್ಬನಿಗೆ ಹಿಡಿದ ತುಕ್ಕಾಗಿದ್ದರೆ ಬೆಳಗಿನ ಮೊದಲ ಕೆಲವು ಒತ್ತುಗಳಲ್ಲಿ ಉಜ್ಜಿಹೋಗಬೇಕಿತ್ತು. ಡಿಸ್ಕಿಗೆ ಕಾರ್ಖಾನೆಯಲ್ಲಿ ಬಳಿದ ರಕ್ಷಣೆಯ ಎಣ್ಣೆ ಉಳಿದಿದ್ದರೆ ಬ್ರೇಕಿನ ಹಿಡಿತವೇ ಸಡಿಲವಾಗಬೇಕಿತ್ತು. ವಿಚಿತ್ರವೆಂದರೆ ರಿವರ್ಸಿನಲ್ಲಿ ಹೋಗುವಾಗ ಬ್ರೇಕ್ ಒತ್ತಿದರೆ ಕಾರು ಚಕಾರವೆತ್ತುತ್ತಿರಲಿಲ್ಲ. ಹಿಂದಕ್ಕೆ ಹೋಗುವಾಗ ಪ್ಯಾಡು ಗೂಡಿನ ಇನ್ನೊಂದು ಬದಿಗೆ ಒರಗುತ್ತದೆ, ಹಾಗಾಗಿ ಅದು ತನ್ನ ಗೂಡಿನಲ್ಲಿ ಭದ್ರವಾಗಿ ಕೂತಿಲ್ಲ ಎಂಬ ಅನುಮಾನ ಬಲವಾದದ್ದು ಆಗ.

ಬೇರೊಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಯಾವ ವಾದವನ್ನೂ ಕೇಳಿಸಿಕೊಳ್ಳದೆ ಮೊದಲು ಚಕ್ರ ಬಿಚ್ಚಿದರು. ಇಷ್ಟೆಲ್ಲ ಪಂಡಿತರಲ್ಲಿ ಆ ಕೆಲಸ ಮಾಡಿದವರು ಅವರೊಬ್ಬರೇ. ಹೊಸ ಪ್ಯಾಡಿನ ಎರಡೂ ತುದಿಯ ಕಿವಿಗಳು ಗೂಡಿನ ಹಳೆಯ ಕ್ಲಿಪ್ಪುಗಳಲ್ಲಿಯೇ ಸಿಕ್ಕಿಕೊಂಡಿದ್ದವು. ಒಂದು ಕ್ಲಿಪ್ಪು ಬಾಗಿತ್ತು, ಅದರಡಿಯ ತುಕ್ಕು ಉಗುರಿಗೆ ಚಕ್ಕೆಯಾಗಿ ಏಳುತ್ತಿತ್ತು. ಕ್ಯಾಲಿಪರ್ ಸರಾಗವಾಗಿ ಹಿಂದೆಮುಂದೆ ಜರುಗಬೇಕಾದ ಪಿನ್ನು ಒಣಗಿ, ಕೈಯಿಂದ ಎಳೆದರೆ ಅಲ್ಲಾಡಲೊಲ್ಲದೆ ಕೂತಿತ್ತು. "ಪ್ಯಾಡಿನ ಜೊತೆ ಹೊಸ ಕ್ಲಿಪ್ ಬಂದಿರ್ಬೇಕಲ್ಲ ಸಾರ್?" ಎಂದರು ಅವರು. ಹುಡುಕಿದಾಗ ಡಿಕ್ಕಿಯಲ್ಲಿ, ಹಿಂದಿನ ಗ್ಯಾರೇಜಿನವನು ಬಹಳ ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದ ಖಾಲಿ ಡಬ್ಬದೊಳಗೆ, ನಾಲ್ಕು ಹೊಸ ಕ್ಲಿಪ್ಪುಗಳೂ ಶಾಂಪೂ ಸ್ಯಾಶೆಯಷ್ಟು ದೊಡ್ಡ ಗ್ರೀಸಿನ ಪೊಟ್ಟಣವೊಂದೂ ಸೀಲು ಒಡೆಯದೆ ಮಲಗಿದ್ದವು.

ಉಳಿದದ್ದು ಅರ್ಧ ಗಂಟೆಯ ಕೆಲಸ. ಅವರು ತಂತಿ ಬ್ರಷ್ಷಿನಿಂದ ಗೂಡಿನ ತುಕ್ಕು ತೆಗೆದರು, ಎಂಜಿನಿಯರರ ಮಾತಿಗೆ ಗೌರವ ಕೊಟ್ಟು ಡಿಸ್ಕು ಕೂರುವ ಹಬ್ಬಿನ ಮುಖವನ್ನೂ ಎಮರಿ ಪೇಪರಿನಿಂದ ಉಜ್ಜಿದರು. ಪಿನ್ನಿಗೆ ಸಿಲಿಕೋನ್ ಗ್ರೀಸನ್ನೇ ಹಾಕಿದರು, ಏಕೆಂದರೆ ಸಾಮಾನ್ಯ ಗ್ರೀಸಿಗೆ ಅಲ್ಲಿನ ರಬ್ಬರು ಉಬ್ಬಿಹೋಗುತ್ತದೆ. ಪೊಟ್ಟಣದ ಗ್ರೀಸನ್ನು ಪ್ಯಾಡಿನ ಬೆನ್ನಿಗೂ ಕಿವಿಗಳಿಗೂ ಕಿರುಬೆರಳಿನಿಂದ, ಹೊಸ್ತಿಲಿಗೆ ಕುಂಕುಮ ಇಡುವ ಹಾಗೆ, ಅಷ್ಟಷ್ಟೇ ಹಚ್ಚಿದರು. ಡಿಸ್ಕಿಗೆ ತಾಗುವ ಮುಖದತ್ತ ಬೆರಳನ್ನೂ ಸುಳಿಸಲಿಲ್ಲ. ಹಚ್ಚಿದ್ದು ಬೆನ್ನಿಗೆ ಎಂಬ ವಿವರವನ್ನು ನಾನು ತಿಪಟೂರಿಗೆ ತಿಳಿಸಿಲ್ಲ, ಹಾಗಾಗಿ ಸೋದರಮಾವನವರು ತಮ್ಮ ಎಣ್ಣೆಯ ಸಿದ್ಧಾಂತ ಗೆದ್ದಿತೆಂದೇ ನಂಬಿದ್ದಾರೆ. ಅತ್ತೆಯವರು ಆ ಹಿಂದಿನ ಅಮಾವಾಸ್ಯೆಯಂದು ನಮಗೆ ಹೇಳದೆ ನಿಂಬೆಹಣ್ಣು ಇಳಿ ತೆಗೆದದ್ದು ಈಗ ಬೆಳಕಿಗೆ ಬಂದಿದೆ.

ನಷ್ಟವಾದದ್ದು ಒಬ್ಬರಿಗೇ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ರಾತ್ರಿ ನಾನು ತಿರುವಿನ ಹಂಪಿಗೆ ಬರುತ್ತಿದ್ದಂತೆಯೇ ಕುರ್ಚಿಯಿಂದೆದ್ದು ಗೇಟು ತೆರೆಯುತ್ತಿದ್ದರು. ಅದನ್ನು ನಾನು ನನ್ನ ಮೇಲಿನ ವಿಶೇಷ ಗೌರವವೆಂದು ಎಣಿಸಿದ್ದೆ. ಮೊನ್ನೆ ಗೇಟಿನ ಮುಂದೆ ಹಾರ್ನ್ ಹೊಡೆದು ಎಬ್ಬಿಸಬೇಕಾಯಿತು. ಅವರು ಕಣ್ಣುಜ್ಜಿಕೊಳ್ಳುತ್ತ ಬಂದು ಆಕ್ಷೇಪಣೆಯ ದನಿಯಲ್ಲಿ ಹೇಳಿದರು: "ಸೌಂಡ್ ತೆಗೆಸಿಬಿಟ್ರೆ ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ ಸಾರ್?"