ಬೇಳೆ ಬೇಯದ ಮೊದಲ ವರ್ಷ

ಸಿಇಟಿ ಬರೆದು, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371(ಜೆ) ಸರ್ಟಿಫಿಕೇಟಿಗೆ ಅಲೆದಾಡಿ, ಕೊನೆಗೂ ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದ ಸುದ್ದಿ ಶಹಾಪುರ ಕಡೆಯ ನಮ್ಮ ಹಳ್ಳಿ ಮುಟ್ಟಿದ ಸಂಜೆಯೇ ಊರವರು ನನ್ನನ್ನು ಇಂಜಿನಿಯರ್ ಮಾಡಿಬಿಟ್ಟರು. ನಾನಿನ್ನೂ ಹಾಸಿಗೆ ಸುತ್ತಿ ಕಟ್ಟಿರಲಿಲ್ಲ. ಪಕ್ಕದ ಮನೆ ಕಾಕಾ ಬಂದು, "ಇದರಾಗ ವಾಟ್ಸಾಪ್ ನಿಂತ ನಿಂತ ಬರ್ಲತ್ತದ, ಜರಾ ನೋಡು" ಅಂತ ಮೊಬೈಲ್ ಕೈಗಿಟ್ಟ. ಆಫ್ ಮಾಡಿ ಆನ್ ಮಾಡಿ ಕೊಟ್ಟೆ. ಸರಿಹೋಯಿತು. ಮೊದಲ ಸೆಮಿಸ್ಟರಿನಲ್ಲಿ ನಾನು ಮಾಡಿದ ಕಂಪ್ಯೂಟರ್ ಸೈನ್ಸ್ ಅಂದರೆ ಅದೊಂದೇ.

ಯಾಕಂದ್ರೆ ಇಂಜಿನಿಯರಿಂಗ್ ಮೊದಲ ವರ್ಷಕ್ಕೂ ನಾವು ಕಾದಾಡಿ ತಗೊಂಡ ಬ್ರಾಂಚಿಗೂ ಅಂಥ ನೆಂಟಸ್ತನ ಏನೂ ಇರುವುದಿಲ್ಲ. ವಿಷಯಗಳನ್ನು ಎರಡು ಕಟ್ಟು ಮಾಡಿ ಸೈಕಲ್ ಅಂತಾರೆ: ಅರ್ಧ ಜನಕ್ಕೆ ಫಿಸಿಕ್ಸ್ ಸೈಕಲ್, ಅರ್ಧ ಜನಕ್ಕೆ ಕೆಮಿಸ್ಟ್ರಿ ಸೈಕಲ್, ಮುಂದಿನ ಸೆಮಿಸ್ಟರಿಗೆ ಅದಲು ಬದಲು. ನನಗೆ ಮೊದಲು ಕೆಮಿಸ್ಟ್ರಿ ಬಂತು, ಹಾಗಾಗಿ ಫಿಸಿಕ್ಸ್ ಜೊತೆಗಿದ್ದ ಸಿ ಪ್ರೋಗ್ರಾಮಿಂಗ್ ಆರು ತಿಂಗಳು ಮುಂದಕ್ಕೆ ಹೋಯಿತು. ಕಂಪ್ಯೂಟರ್ ಮುಂದೆ ಕೂರಿಸಿದ್ದು ನಿಜ, ಆದರೆ ಅದು ಡ್ರಾಯಿಂಗ್ ಕಲಿಸೋಕೆ. ಡ್ರಾಯಿಂಗ್‌ನಲ್ಲಿ ಮೊದಲ ಪಾಠ ಬಿಂದು. ಆಮೇಲೆ ಗೆರೆ. ನೆಲದಿಂದ 20 ಮಿ.ಮೀ. ಮೇಲೆ, ಗೋಡೆಯಿಂದ 30 ಮಿ.ಮೀ. ಮುಂದೆ ಗಾಳಿಯಲ್ಲಿ ನಿಂತ ಒಂದು ಚುಕ್ಕಿ ಮುಂದಿನಿಂದ ಹೇಗೆ ಕಾಣುತ್ತೆ, ಮೇಲಿನಿಂದ ಹೇಗೆ ಕಾಣುತ್ತೆ ಅಂತ ಬರೀಬೇಕು. ಎರಡೂ ಕಡೆಯಿಂದ ಚುಕ್ಕಿ ಹಂಗೇ ಕಾಣುತ್ತೆ ಅನ್ನೋದು ನನ್ನ ವಾದ. ಅದಕ್ಕೆ ಮಾರ್ಕ್ಸ್ ಇರಲಿಲ್ಲ.

ರಾತ್ರಿ ಅವ್ವ ಫೋನ್ ಮಾಡಿದಳು.

"ಇವತ್ತ ಏನ್ ಕಲಿಸಿದ್ರೋ ತಮ್ಮಾ?"

"ಚುಕ್ಕಿ ಇಡೋದು ಕಲಿಸಿದ್ರವ್ವ. ಮುಂದಿನ ವಾರ ಗೆರಿ ಎಳ್ಯೋದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನ್ ತಂಗಿ ದಿನಾ ಮುಂಜಾನಿ ಅಂಗಳದಾಗ ಅದನ್ನೇ ಮಾಡ್ತಾಳಲ್ಲೋ, ಅಕಿಗಿ ಯಾರ ಫೀಸ್ ಕಟ್ಯಾರ?"

ಊರಲ್ಲಿ ಯಾರೇ ಸಿಕ್ಕರೂ "ಯಾರ ಮಗ ನೀ?" ಅಂತ ಕೇಳುತ್ತಾರೆ. ಕಾಲೇಜಿನಲ್ಲಿ ಕೊನೆಯ ಮೂರು ನಂಬರ್ ಕೇಳುತ್ತಾರೆ. ನಮ್ಮ ಯೂನಿವರ್ಸಿಟಿ ವಿಟಿಯು ಕೊಡುವ ಯುಎಸ್‌ಎನ್ ಅನ್ನೋ ರಿಜಿಸ್ಟರ್ ನಂಬರ್ ಒಟ್ಟು ಹತ್ತು ಅಕ್ಷರ, ಕಲಬುರಗಿ ಭಾಗದವರದ್ದು 3ರಿಂದ ಶುರುವಾಗುತ್ತೆ. ಅದು ಬರೋದೇ ತಡ, ನಮ್ಮ ಹೆಸರು ಮಾಯ. ಹಾಜರಿ 85 ಪರ್ಸೆಂಟ್ ಇರಲೇಬೇಕು, ಹಾಗಾಗಿ ನಿದ್ದೆಗಣ್ಣಲ್ಲೂ ಆ ನಂಬರ್ ಕೇಳಿದರೆ "ಎಸ್ ಸರ್" ಅನ್ನೋದು ರೂಢಿಯಾಯಿತು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಸ್ಸಿನ ನಂಬರ್ ಕೂಗಿದಾಗಲೂ ಅಂದಿದ್ದೇನೆ.

ರೂಮಿನಲ್ಲಿ ನಾವು ಮೂವರು. ನಾನು, ಬೀದರ್ ಹುಡುಗ ಒಬ್ಬ, ಹೈದರಾಬಾದ್ ಹುಡುಗ ಒಬ್ಬ. ಹೈದರಾಬಾದಿನವನಿಗೆ ಕನ್ನಡ ಬರಲ್ಲ, ಪಾಪ, ಊರಲ್ಲಿ ಹೇಗೆ ತಿರುಗಾಡ್ತಾನೋ ಅಂತ ನಾವಿಬ್ಬರೂ ಮರುಗಿದ್ದೇ ಬಂತು. 1956ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದ ಊರು ಇದು. ಅವನ ದಖ್ಖನಿಗೆ ಸೂಪರ್ ಮಾರ್ಕೆಟ್ಟಿನ ಆಟೋದವರೆಲ್ಲ ಎರಡೇ ದಿನಕ್ಕೆ ದೋಸ್ತರಾದರು. ನಾನು ಇಪ್ಪತ್ತು ಕೊಡುವಲ್ಲಿ ಅವನು ಹತ್ತು ಕೊಟ್ಟು ಇಳಿಯುತ್ತಿದ್ದ. ಹೋಗಲಿ ಅಂದ್ರೆ, ಪರೀಕ್ಷೆಯಲ್ಲಿ ಕನ್ನಡದಲ್ಲೂ ನನಗಿಂತ ಜಾಸ್ತಿ ತೆಗೆದ! ಅವರಿಗೆ ಬಳಕೆ ಕನ್ನಡ, ನಮಗೆ ಸಾಂಸ್ಕೃತಿಕ ಕನ್ನಡ, ಪೇಪರ್ ಬೇರೆ ಬೇರೆ. ಆದರೆ ಈ ವ್ಯತ್ಯಾಸವನ್ನು ನಮ್ಮಪ್ಪನಿಗೆ ತಿಳಿಸಿ ಹೇಳೋರು ಯಾರು?

ಇದೆಲ್ಲ ಹೆಂಗೋ ನಡೀತಿತ್ತು. ನಡೆಯದೇ ಇದ್ದದ್ದು ಬೇಳೆ.

ತಿಂಗಳ ಖರ್ಚು ಉಳಿಸೋಣ ಅಂತ ಮೆಸ್ ಬಿಟ್ಟು ರೂಮಲ್ಲೇ ಅಡುಗೆ ಶುರು ಮಾಡಿದೆವು. ರೊಟ್ಟಿ ಊರಿಂದ ಬರುತ್ತಿತ್ತು, ಕಟಿ ರೊಟ್ಟಿ, ವಾರಗಟ್ಟಲೆ ಕೆಡಲ್ಲ. ಬೇಳೆ ಮಾತ್ರ ನಾವು ಬೇಯಿಸಬೇಕು. ತೊಗರಿಯ ಕಣಜ ಅನ್ನಿಸಿಕೊಂಡ ಊರು, 2019ರಲ್ಲಿ ಇಲ್ಲಿಯ ಬೇಳೆಗೆ ಜಿಐ ಟ್ಯಾಗ್ ಬೇರೆ ಸಿಕ್ಕಿದೆ, ಇಲ್ಲಿ ಬೇಳೆ ಬೇಯದೆ ಇನ್ನೇನು ಬೇಯುತ್ತೆ ಅಂದುಕೊಂಡೆವು. ನಾಲ್ಕು ಸೀಟಿ ಹೊಡೆಸಿದರೆ ಬೇಳೆ ಗುಂಡುಗುಂಡಾಗಿ ತಳದಲ್ಲಿ ಕೂತಿತ್ತು. ಎಂಟು ಸೀಟಿಗೆ ಅಂಚು ಸ್ವಲ್ಪ ಬಿರಿಯಿತು. ಬೀದರಿನವನು ಗ್ಯಾಸ್ಕೆಟ್ ಸರಿಯಿಲ್ಲ ಅಂದ, ಹೊಸದು ತಂದೆವು. ಹೈದರಾಬಾದಿನವನು ಬೇಳೆ ಹಳೇದು ಅಂದ, ಬೇರೆ ಅಂಗಡಿಯದು ತಂದೆವು. ಕೊನೆಗೆ ಸಿಲಿಂಡರ್ ಖಾಲಿಯಾಯಿತು, ಬೇಳೆ ಹಂಗೇ ಇತ್ತು.

ಅದೇ ದಿನಗಳಲ್ಲಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆಯುವ ಪ್ರಯೋಗ ಬಂತು. 25 ಮಿ.ಲೀ. ನೀರು, ಒಂದಿಷ್ಟು ಅಮೋನಿಯಾ ಬಫರ್, ಚಿಟಿಕೆ ಇಂಡಿಕೇಟರ್, ಮೇಲಿಂದ ಬ್ಯುರೆಟ್ ಅನ್ನೋ ಗಾಜಿನ ಕೊಳವೆಯಿಂದ ಇಡಿಟಿಎ ದ್ರಾವಣ ಹನಿ ಹನಿ ಬಿಡಬೇಕು. ನೀರು ಗಡಸಾದಷ್ಟೂ ಹನಿ ಜಾಸ್ತಿ ಬೇಕು. ವೈನ್ ರೆಡ್ ಬಣ್ಣ ಹೋಗಿ ನೀಲಿ ಆದ ತಕ್ಷಣ ನಿಲ್ಲಿಸಬೇಕು. ಈ ವೈನ್ ರೆಡ್ ಅನ್ನೋದೇ ಮೊದಲ ತೊಡಕು. ನಮ್ಮ ಕಡೆ ವೈನ್ ಶಾಪ್‌ಗೆ ಬರಗಾಲವಿಲ್ಲ, ಆದರೆ ಅಲ್ಲಿ ವೈನ್ ಒಂದು ಬಿಟ್ಟು ಉಳಿದೆಲ್ಲ ಸಿಗುತ್ತೆ. ಬಣ್ಣ ಯಾವುದಿತ್ತು ಅಂತ ಸರ್ ಕೇಳಿದಾಗ, "ಬೀಟ್‌ರೂಟ್ ತೊಳೆದ ನೀರಿನಂಗ ಇತ್ತು ಸರ್" ಅಂದೆ. ರೆಕಾರ್ಡಿನಲ್ಲಿ ಮಾತ್ರ ವೈನ್ ಅಂತಲೇ ಬರೆಸಿದರು.

ಮನೆಯ ನೀರು ಬೇಕಾದರೆ ತಂದು ನೋಡಿ ಅಂದರು ಸರ್. ರೂಮಿನ ಬೋರ್‌ವೆಲ್ ನೀರು ಬಾಟಲಿಯಲ್ಲಿ ಒಯ್ದೆ. ಹನಿ ಬಿಡುತ್ತಾ ಹೋದೆ. ಹತ್ತು ಮಿ.ಲೀ. ಆಯಿತು, ಬೀಟ್‌ರೂಟ್. ಇಪ್ಪತ್ತು ಆಯಿತು, ಬೀಟ್‌ರೂಟ್. ಪಕ್ಕದವರು ತಮ್ಮದು ಮುಗಿಸಿ ಗಾಜು ತೊಳೆದಿಟ್ಟು ನನ್ನ ಸುತ್ತ ಬಂದು ನಿಂತರು. ಮೂವತ್ತರ ಹತ್ತಿರ ಹೋಗಿ, ಮನಸ್ಸಿಲ್ಲದ ಮನಸ್ಸಿನಿಂದ ನೀಲಿ ಆಯಿತು. ಲೆಕ್ಕ ಹಾಕಿದರೆ ಗಡಸುತನ ಲೀಟರಿಗೆ 1200 ಮಿಲಿಗ್ರಾಂ. ಕುಡಿಯುವ ನೀರಿಗೆ ಬೇರೆ ದಾರಿಯೇ ಇಲ್ಲದಿದ್ದರೂ 600 ದಾಟಬಾರದು. ಇಂಥ ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಅಂಟಿನಂಥ ಪೆಕ್ಟಿನ್ ಹಿಡಿದುಕೊಂಡು ಅದನ್ನು ಮೆತ್ತಗಾಗಲು ಬಿಡೋದಿಲ್ಲ ಅಂತ ಸರ್ ಬಿಡಿಸಿ ಹೇಳಿದರು. ಇಡೀ ವರ್ಷದಲ್ಲಿ ನನಗೆ ಪೂರ್ತಿ ಅರ್ಥವಾದ ಪಾಠ ಇದು. ಸಾಬೂನು ನೊರೆ ಬರದ ಗುಟ್ಟೂ ಗೊತ್ತಾಯಿತು. ಅಲ್ಲಿಂದಾಚೆ ಬೇಳೆಗೆ ಕ್ಯಾನ್ ನೀರು, ನಮಗೆ ಬೋರ್ ನೀರು.

ಮನೆ ಮಾಲಕ ಮುತ್ಯಾಗೆ ವಿಷಯ ತಿಳಿಸಿದರೆ ಬಾಡಿಗೆಯಲ್ಲಿ ಏನಾದರೂ ಕಮ್ಮಿ ಮಾಡ್ತಾರೇನೋ ಅನ್ನೋ ಆಸೆಯಿತ್ತು. ಹೋಗಿ ಹೇಳಿದೆ.

"ಮುತ್ಯಾ, ಕಾಲೇಜಿನಾಗ ನಿಮ್ಮ ಬೋರಿನ ನೀರು ಟೆಸ್ಟ್ ಮಾಡ್ದೆ. 1200 ಬಂದದ."

"ಎಷ್ಟಕ್ಕ?"

"600ಕ್ಕರೀ."

ಮುತ್ಯಾ ಮೀಸೆ ಮೇಲೆ ಕೈ ಹಾಕಿದರು. "ನಾ ಮೊದ್ಲೇ ಹೇಳಿದ್ದಿಲ್ಲಾ? ಈ ಓಣ್ಯಾಗ ನಮ್ಮಂಥ ನೀರು ಯಾರ ಬಲ್ಲಿನೂ ಇಲ್ಲ!"

ಬಿಡಿಸಿ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಕಟ್ಟೆ ಮೇಲೆ ಕೂತವರಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು.

ಈಗ ಹೊಸ ಅಡ್ಮಿಷನ್ ಹುಡುಗರು ರೂಮು ನೋಡೋಕೆ ಬರುತ್ತಿದ್ದಾರೆ. ನೀರು ಹೆಂಗದ ಅಂತ ಯಾರಾದರೂ ಕೇಳಿದರೆ ಸಾಕು, ಮುತ್ಯಾ ಕೆಳಗಿನಿಂದಲೇ ಕೂಗುತ್ತಾರೆ: "ಏ ಇಂಜಿನಿಯರ್, ಎಷ್ಟ ಬಂದಿತ್ತ ಹೇಳು ಇವರಿಗೆ!"

ನಾನು ಸುಮ್ನೆ 1200 ಅಂತೀನಿ. ಮೊನ್ನೆ ಒಬ್ಬನ ಅಪ್ಪ ಅಲ್ಲೇ ಅಡ್ವಾನ್ಸ್ ಕೊಟ್ಟುಹೋದರು.