ಭೂಮಿಯಂಥ ಗ್ರಹಗಳನ್ನು ರೂಪಿಸಿದ್ದು ಎಳೆಯ ಸೂರ್ಯನ ಆರ್ಭಟವೇ?

ಪರ: ಗುರುತು ಕಲ್ಲಿನಲ್ಲೇ ಉಳಿದಿದೆ

ಹೌದು, ನನಗೆ ಅನುಮಾನವೇ ಇಲ್ಲ. ಇವತ್ತಿನ ಸೂರ್ಯನನ್ನು ನೋಡಿ ಅಂದಿನ ಸೂರ್ಯನನ್ನು ಅಳೆಯಬಾರದು. 2003ರಲ್ಲಿ ಚಂದ್ರಾ ಎಕ್ಸ್-ರೇ ದೂರದರ್ಶಕ ನಕ್ಷತ್ರಗಳು ಹುಟ್ಟುವ ಅನಿಲ, ದೂಳಿನ ಮೋಡವಾದ ಒರಾಯನ್ ನೀಹಾರಿಕೆಯನ್ನು ಸುಮಾರು 13 ದಿನ ನೋಡಿತು. ಅಲ್ಲಿ ಸೂರ್ಯನಷ್ಟೇ ತೂಕದ ಎಳೆಯ ನಕ್ಷತ್ರಗಳು ಹೆಚ್ಚುಕಡಿಮೆ ವಾರಕ್ಕೊಮ್ಮೆ ಭಾರಿ ಜ್ವಾಲೆ ಉಗುಳುತ್ತಿದ್ದವು. ಗ್ರಹಗಳು ಹುಟ್ಟಬೇಕಾದ ಅನಿಲ, ದೂಳಿನ ತಟ್ಟೆ ಇಂಥ ಬೆಂಕಿಯ ಸುತ್ತಲೇ ಇತ್ತು. ಅದಕ್ಕೆ ಏನೂ ಆಗಲಿಲ್ಲ ಅಂದರೆ ನಂಬುವುದು ಹೇಗೆ?

1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂಡೆ ಉಲ್ಕಾಶಿಲೆಯಲ್ಲಿ ಸಣ್ಣ ಬಿಳಿ ತುಣುಕುಗಳಿವೆ. ವಯಸ್ಸು ಸುಮಾರು 456 ಕೋಟಿ ವರ್ಷ. ನಮ್ಮ ಸೌರವ್ಯೂಹದಲ್ಲಿ ಮೊದಲು ಗಟ್ಟಿಯಾದದ್ದೇ ಇಂಥವು. ಅಂಥ ತುಣುಕಿನಲ್ಲಿ ಒಂದು ಕಾಲಕ್ಕೆ ಬೆರಿಲಿಯಂ-10 (ಬೆರಿಲಿಯಂನ ವಿಕಿರಣಶೀಲ ರೂಪ) ಇತ್ತು ಎಂಬ ಗುರುತು 2000ದಲ್ಲಿ ಸಿಕ್ಕಿತು. ವೇಗದ ಕಣಗಳು ಬಡಿದು ಆಮ್ಲಜನಕದಂಥ ಪರಮಾಣುಗಳು ಒಡೆದಾಗ ಅದು ಹುಟ್ಟುತ್ತದೆ. ಅಷ್ಟು ಕಣ ಎರಚುವವನು ಪಕ್ಕದಲ್ಲಿ ಯಾರಿದ್ದ? ಸೂರ್ಯನೇ ಅಲ್ವಾ?

ಇದನ್ನು ನಾನು ಅಪ್ಪನಿಗೆ ಹೇಳಿದ್ದು ಲಾಲ್‌ಬಾಗ್ ಬಂಡೆಯ ಮೇಲೆ. ಅವರು ಬೆಳಗಿನ ವಾಕಿಂಗ್ ಮುಗಿಸಿ ಅಲ್ಲೇ ಕೂರುತ್ತಾರೆ. ಬಂಡೆಗೆ 300 ಕೋಟಿ ವರ್ಷ ಎಂಬುದು ಅವರಿಗೆ ದೊಡ್ಡ ಹೆಮ್ಮೆ. ಅದಕ್ಕಿಂತ 150 ಕೋಟಿ ವರ್ಷ ಹಳೆಯ ಚೂರಿನ ಕತೆ ಕೇಳಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, 'ಹಾಗಾದ್ರೆ ಈ ಕಲ್ಲಿನ ಸರಕೂ ಆ ಬೆಂಕಿ ಕಂಡಿದ್ದೇ ತಾನೇ?' ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ವಿಜ್ಞಾನ ಓದಿದವರಲ್ಲ. ನನಗೆ ಖುಷಿಯಾಯಿತು. ಆ ದಿನದಿಂದ ಮನೆಯಲ್ಲಿ ಆದಿತ್ಯ-ಎಲ್1ರ ಸುದ್ದಿ ಬಂದರೆ ಮೊದಲು ಓದುವವರು ಅವರೇ.

ಗ್ರಹಗಳಿಗೆ ಸರಕು ಎಷ್ಟು ಸಿಗಬೇಕೆಂದು ತೀರ್ಮಾನಿಸಿದ್ದು ಬೇರೆಯವರು ಎಂದು ಎದುರಿನವರು ಗುರುಗ್ರಹದ ಹೆಸರು ತರುತ್ತಾರೆ. ತರಲಿ. ಗುರುವನ್ನು ಬೆಳೆಸಿದ ಅನಿಲವನ್ನು ಕೊನೆಗೆ ಕಾಯಿಸಿ ಚದುರಿಸಿದ್ದರಲ್ಲೂ ಸೂರ್ಯನ ಎಕ್ಸ್-ರೇ ಮತ್ತು ನೇರಳಾತೀತ ಬೆಳಕಿನ ಕೈ ಇದೆ. ಯಾರು ಎಷ್ಟು ದಿನ ಬೆಳೆಯಬಹುದು ಎಂದು ಗಡುವು ಹಾಕಿದವನೇ ಸೂರ್ಯ.

ವಿರೋಧ: ಪಾತ್ರ ಇದೆ, ಮುಖ್ಯ ಪಾತ್ರ ಅಲ್ಲ

ವಿರೋಧ ಬರೆಯಿರಿ ಎಂದು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಸೂರ್ಯ ಸುಮ್ನೆ ಕೂತಿದ್ದ ಎಂದು ನಾನೂ ಹೇಳುವುದಿಲ್ಲ. ಆದರೆ ಜ್ವಾಲೆ ಚಿಮ್ಮಿತು, ಭೂಮಿ ಆಯಿತು ಎಂಬಂತೆ ಮಾತಾಡಿದರೆ ಕಷ್ಟ.

ಮೊದಲ ಪುಟ್ಟ ಕಾಯಗಳನ್ನು ಒಳಗಿನಿಂದ ಕರಗಿಸಿ, ಕಬ್ಬಿಣವನ್ನು ನಡುವಿಗೆ ಇಳಿಸಿದ್ದು ಮುಖ್ಯವಾಗಿ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಅಲ್ಯೂಮಿನಿಯಂನ ಶಾಖ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 7 ಲಕ್ಷ ವರ್ಷ. ಅದರ ಬಹುಪಾಲು ಬೇರೆ ನಕ್ಷತ್ರಗಳಿಂದ ಬಂದದ್ದು ಎಂದೇ ಹೆಚ್ಚಿನವರು ಒಪ್ಪುತ್ತಾರೆ. ಅಷ್ಟನ್ನು ಸೂರ್ಯನ ಜ್ವಾಲೆಗಳೇ ಮಾಡಿದವು ಎಂದರೆ ಲೆಕ್ಕ ಕೂಡುವುದಿಲ್ಲ.

ಇನ್ನು ಗುರು. ಉಲ್ಕಾಶಿಲೆಗಳು ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಲೆಕ್ಕದಲ್ಲಿ ಎರಡು ಗುಂಪಾಗಿ ನಿಲ್ಲುತ್ತವೆ. ಒಳಗಿನ, ಹೊರಗಿನ ಸರಕು ಬೆರೆಯದಂತೆ ನಡುವೆ ಬೇಲಿ ಹಾಕಿದ್ದು ಬೇಗನೆ ಬೆಳೆದ ಗುರು ಎಂಬುದು 2017ರ ಒಂದು ಪ್ರಮುಖ ಅಧ್ಯಯನದ ವಾದ. ಒಳಗಿನ ಗ್ರಹಗಳಿಗೆ ಎಷ್ಟು ಸರಕು ಸಿಕ್ಕಿತು ಎಂಬುದಕ್ಕೂ ಇದು ಸಂಬಂಧಿಸಿದ ಮಾತು.

ಬೆರಿಲಿಯಂ-10 ಬಗ್ಗೆಯೂ ಒಂದು ಮಾತು. ವೇಗದ ಕಣಗಳನ್ನು ಸೂರ್ಯನೊಬ್ಬನೇ ಎರಚುವುದಿಲ್ಲ. ಸೌರವ್ಯೂಹದ ಆಚೆಯಿಂದ ಬರುವ ವೇಗದ ಕಣಗಳಾದ ಕಾಸ್ಮಿಕ್ ಕಿರಣಗಳಿಂದಾಗಿ, ಸೌರವ್ಯೂಹ ಹುಟ್ಟಿದ ಅನಿಲದ ಮೋಡದಲ್ಲೇ ಬೆರಿಲಿಯಂ-10ರ ಒಂದು ಪಾಲು ಇದ್ದಿರಬಹುದು.